ನೂರಕ್ಕೆ ಎರಡು

ತೆಂಗಿನ ಗೆರಟೆಯ ಒಂದು ಬಟ್ಟಲಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ದುಂಡಗಿನ, ದಪ್ಪದ, ಒಳ್ಳೆಯ ಗೆರಟೆ ಕೊಬ್ಬರಿ ಒಣಗಿಸುವವರಲ್ಲಿ ನಾಲ್ಕು ರೂಪಾಯಿಗೆ ಸಿಗುತ್ತದೆ. ಐದರಲ್ಲಿ ಒಂದು ಕೊಯ್ಯುವಾಗ ಬಿರುಕು ಬಿಡುತ್ತದೆ, ಹಾಗಾಗಿ ಐದು ಎಂದೇ ಹಿಡಿಯಬೇಕು. ಉಜ್ಜುವ ಕಾಗದಕ್ಕೆ ಮೂರೂವರೆ, ಕರೆಂಟಿಗೆ ಒಂದೂವರೆ. ಒಳಗೆ ಹೊರಗೆ ಉಜ್ಜಿ ಅಂಚು ನಯ ಮಾಡುವ ಕೂಲಿ ಇಪ್ಪತ್ತೆರಡು. ಎಣ್ಣೆ ಎರಡು, ಸುತ್ತುವ ಕಾಗದ ಮತ್ತು ರಟ್ಟಿನ ಪೆಟ್ಟಿಗೆ ನಾಲ್ಕು. ಅಲ್ಲಿಗೆ ಮೂವತ್ತೆಂಟು. ಅದು ವೇಣೂರಿನ ಹತ್ತಿರದ ನೀಲಾವತಿಯ ಅಂಗಳದಿಂದ ಹೊರಟು ಐರ್ಲೆಂಡಿನ ಬಂದರು ಮುಟ್ಟುವಷ್ಟರಲ್ಲಿ ಲಾರಿ, ಹಡಗು, ವಿಮೆ, ಕಾಗದಪತ್ರ ಎಂದು ಇನ್ನೂ ಹತ್ತೊಂಬತ್ತು. ಒಟ್ಟು ಐವತ್ತೇಳು. ಅಲ್ಲಿಯ ಅಂಗಡಿಯಾಕೆ ಒಪ್ಪಿದ ಬೆಲೆ ಎಂಬತ್ತು. ಮೂರು ಸಾವಿರ ಬಟ್ಟಲಿಗೆ ಅರವತ್ತೊಂಬತ್ತು ಸಾವಿರ ಉಳಿಯಬೇಕಿತ್ತು.

ಈ ಲೆಕ್ಕವನ್ನು ನಾನೇ ನೀಲಾವತಿಗೆ ಬರೆದುಕೊಟ್ಟದ್ದು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನದೊಂದು ಸಣ್ಣ ಆಫೀಸು ಉಂಟು. ಬಾಗಿಲ ಮೇಲೆ ‘ಇಬ್ರಾಹಿಂ ಖಲೀಲ್, ರಫ್ತು ಕಾಗದಪತ್ರ’ ಎಂದು ಬರೆಸಿದ್ದೇನೆ. ಓದಿದ್ದು ಏಳನೇ ಕ್ಲಾಸು. ಪಣಂಬೂರಿನ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಒಬ್ಬ ಏಜೆಂಟರ ಕೈಕೆಳಗೆ ಫಾರ್ಮು ತುಂಬಿ ಇಂಗ್ಲಿಷನ್ನೂ ಕಾನೂನನ್ನೂ ಕಲಿತೆ. ಬೇರೆಯವರು ಮಾಡಿದ ತಪ್ಪುಗಳಿಂದ ಹೊಟ್ಟೆ ಹೊರೆದವನು ನಾನು. ಒಂದು ಅಂಕಿ ಆಚೀಚೆಯಾಗಿ ಪೆಟ್ಟಿಗೆಗಟ್ಟಲೆ ಗೋಡಂಬಿ ಕೊಳೆತದ್ದನ್ನು ನೋಡಿದ್ದೇನೆ.

ನೀಲಾವತಿ ಮೊದಲು ಬೀಡಿ ಕಟ್ಟುತ್ತಿದ್ದವಳು. ಗೆರಟೆ ಉಜ್ಜುವ ಮೆಷಿನ್ನು ತಂದು ಮನೆಯ ಪಕ್ಕದ ಶೆಡ್ಡಿನಲ್ಲಿ ಇಟ್ಟಳು. ಊರಿನ ಏಳು ಹೆಂಗಸರನ್ನು ಬೀಡಿಯಿಂದ ಬಿಡಿಸಿ ಕರೆತಂದಳು. ಅದು ಸಣ್ಣ ಮಾತಲ್ಲ. ಎಲೆ ಕೊಟ್ಟು ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಒಮ್ಮೆ ಹೆಸರು ತೆಗೆಸಿದರೆ ಮತ್ತೆ ಸೇರಿಸಿಕೊಳ್ಳುತ್ತಾರೆ ಎಂಬ ಖಾತ್ರಿಯಿಲ್ಲ. ಏಳು ಜನರೂ ಅವಳ ಮಾತಿನ ಮೇಲೆ ಬಂದಿದ್ದರು. ಮಿಜಾರಿನ ಒಂದು ಕಾಲೇಜಿನ ಮೇಳದಲ್ಲಿ ಅವಳ ಮಳಿಗೆಗೆ ಐರ್ಲೆಂಡಿನ ಆ ಅಂಗಡಿಯಾಕೆ ಬಂದು, ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಎದುರಿನಲ್ಲೇ ಮೂರು ಸಾವಿರಕ್ಕೆ ಆರ್ಡರು ಕೊಟ್ಟಳು. ಮಾಲು ಕೈಸೇರಿದ ಮೇಲೆ ಹಣ. ಇದು ಸರಿಹೋದರೆ ವರ್ಷಕ್ಕೆ ನಾಲ್ಕು ಸಲ ಹತ್ತು ಹತ್ತು ಸಾವಿರ ಎಂದಳು. ನೀಲಾವತಿ ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಕೆಲಸ ಶುರು ಮಾಡಿದಳು. ಸರಿಹೋಗದಿದ್ದರೆ ಶೆಡ್ಡು ಮುಚ್ಚಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಿಂದೆ ‘ಕರಕುಶಲ ವಸ್ತು’ ಎಂದು ಒಂದು ಸಾಲು ಬರೆದು ಕಳಿಸಿದರೆ ನಡೆಯುತ್ತಿತ್ತು. ಈಗ ಹಾಗಿಲ್ಲ. ಮಾಲು ಹಡಗು ಏರುವ ಮೊದಲೇ ಆಚೆಯ ಕಸ್ಟಮ್ಸಿನವರಿಗೆ ಎಲ್ಲ ತಿಳಿಸಬೇಕು. ಎಂಥ ವಸ್ತು, ಯಾವುದರಿಂದ ಮಾಡಿದ್ದು, ಆರಂಕಿಯ ಕೋಡ್ ಯಾವುದು, ಎಷ್ಟು ಸಂಖ್ಯೆ, ಎಷ್ಟು ತೂಕ, ಎಷ್ಟು ಬೆಲೆ, ಕೊಡುವವರು ಯಾರು, ಕೊಳ್ಳುವವರು ಯಾರು. ಒಂದು ದಿನ ಶೆಡ್ಡಿನಲ್ಲಿ ಕೂತು ಇದನ್ನೆಲ್ಲ ಕೇಳಿ ಕೇಳಿ ಬರೆದುಕೊಂಡೆ.

“ಬಟ್ಟಲು ಅಂತ ಬರೆದರೆ ಸಾಲದಾ ಖಲೀಲಣ್ಣ?” ನೀಲಾವತಿ ಕೇಳಿದಳು.

“ಸಾಲುವುದಿಲ್ಲ. ಊಟಕ್ಕಾ, ಚಂದಕ್ಕಾ? ಬಣ್ಣ ಕೊಟ್ಟದ್ದಾ, ಬರೀ ಎಣ್ಣೆಯಾ? ಹೊಸ ಗೆರಟೆಯಾ, ಹಳತಾ? ಎಲ್ಲ ಬೇಕು.”

ಅಂಚು ಉಜ್ಜುತ್ತಿದ್ದ ರುಕಿಯಾ ತಲೆಯೆತ್ತಿದಳು. “ಹೆಣ್ಣು ನೋಡ್ಲಿಕ್ಕೆ ಬಂದವರೂ ಇಷ್ಟು ಕೇಳುವುದಿಲ್ಲ ಮಾರಾಯ್ರೆ. ಗೆರಟೆಯ ಅಪ್ಪ ಯಾರು ಅಂತ ಕೇಳುವುದಿಲ್ವಾ?”

“ಅದನ್ನೂ ಕೇಳ್ತಾರೆ. ಯಾವ ದೇಶದಲ್ಲಿ ಹುಟ್ಟಿದ್ದು ಅಂತ ಒಂದು ಕಾಲಮ್ಮೇ ಉಂಟು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. “ತಮಾಷೆ ಅಲ್ಲ. ಕಾಗದದಲ್ಲಿ ಎಷ್ಟೋ ಪೆಟ್ಟಿಗೆಯಲ್ಲಿ ಅಷ್ಟೇ ಇರಬೇಕು. ಒಂದು ಕಮ್ಮಿ ಆಗಬಾರದು” ಎಂದೆ. ಆ ದಿನ ನಾನು ಹೇಳಿದ್ದು ಅಷ್ಟೇ. ಒಂದು ಕಮ್ಮಿ ಆಗಬಾರದು ಎಂದೆ. ಹೆಚ್ಚಾಗಬಾರದು ಎಂದು ಬಾಯಿಬಿಟ್ಟು ಹೇಳಬೇಕಾದೀತು ಎಂದು ನನಗೆ ಹೊಳೆಯಲಿಲ್ಲ.

ಜಗಲಿಯಲ್ಲಿ ನೀಲಾವತಿಯ ಮಾವ ಹುಕ್ರಪ್ಪ ಗೌಡರು ಕೂತಿದ್ದರು. ಎಪ್ಪತ್ತು ದಾಟಿದವರು, ನಮ್ಮ ಕಡೆಯ ಮುಸಲ್ಮಾನರಿಗೆಲ್ಲ ಹೇಳುವಂತೆ ನನಗೂ ‘ಬ್ಯಾರಿಗಳೇ’ ಎನ್ನುವವರು. ನಲವತ್ತು ವರ್ಷ ಬೆಳ್ತಂಗಡಿಯ ಕಡೆಯ ದೊಡ್ಡ ದೊಡ್ಡ ತೋಟಗಳಲ್ಲಿ ತೆಂಗಿನಕಾಯಿ ಎಣಿಸಿದವರು. ಕೊಡುವವನಿಗೂ ಕೊಳ್ಳುವವನಿಗೂ ಅವರ ಲೆಕ್ಕವೇ ಲೆಕ್ಕ. ಒಂದೊಂದು ಕೈಯಲ್ಲಿ ಎರಡೆರಡು ಕಾಯಿ ಹಿಡಿದು, ಮೊದಲನೆಯದಕ್ಕೆ ‘ಲಾಭ’ ಎಂದು ಶುರುಮಾಡಿ ಎಸೆಯುತ್ತ ಹೋದರೆ ಐದು ಸಾವಿರದಲ್ಲಿ ಒಂದು ಕಾಯಿ ತಪ್ಪುತ್ತಿರಲಿಲ್ಲ. ಗೌಡರು ಎಣಿಸಿದ್ದಾರೆ ಎಂದರೆ ಯಾರೂ ಮತ್ತೆ ಎಣಿಸುತ್ತಿರಲಿಲ್ಲ. ಲೆಕ್ಕ ಮುಗಿದ ಮೇಲೆ ನೂರಕ್ಕೆ ಎರಡರಂತೆ ಬೇರೆ ಎತ್ತಿ ಕೊಳ್ಳುವವನ ರಾಶಿಗೆ ಹಾಕುವರು. ಅದು ಕೊಸರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಲ್ಲಿನಲ್ಲಿ ಬರೆಯುವುದಿಲ್ಲ. ಆದರೆ ಅದು ಬೀಳದೆ ಲಾರಿ ಹೊರಡುವುದಿಲ್ಲ.

ನೂರು ಬಟ್ಟಲಿನ ಮೂವತ್ತು ಪೆಟ್ಟಿಗೆ ತುಂಬಿಸಿದಾಗಲೂ ಎಣಿಸಿದ್ದು ಗೌಡರೇ. ನಾನು ಎದುರು ನಿಂತು ಒಂದೊಂದನ್ನೂ ತೂಗಿಸಿ, ಟೇಪು ಹಾಕಿಸಿ, ಬರೆದುಕೊಂಡು ಬಂದೆ. ಒಡೆದರೆ ಇರಲಿ ಎಂದು ಹೆಚ್ಚಾಗಿ ಮಾಡಿದ್ದ ಎಪ್ಪತ್ತು ಬಟ್ಟಲು ಮೂಲೆಯ ಬುಟ್ಟಿಯಲ್ಲಿ ಉಳಿದವು. ಅದೇ ಸಂಜೆ ಎಲ್ಲ ವಿವರವನ್ನೂ ಆಚೆ ಕಳಿಸಿದೆ. ಮೂರು ಸಾವಿರ, ಮೂವತ್ತು ಪೆಟ್ಟಿಗೆ.

ಲಾರಿ ಬಂದದ್ದು ಸೋಮವಾರ. ನಡುವಿನ ಆದಿತ್ಯವಾರ ಮನೆಯವರೆಲ್ಲ ಮೂಡುಬಿದಿರೆಗೆ ಮದುವೆಯೂಟಕ್ಕೆ ಹೋಗಿದ್ದರು. ಮೊಣಕಾಲು ನೋವೆಂದು ಗೌಡರು ಒಬ್ಬರೇ ಮನೆಯಲ್ಲಿದ್ದರು.

ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಾಗ ನಾನೂ ಇದ್ದೆ. ನಾನು ಹಾಕಿಸಿದ ಟೇಪಿನ ಮೇಲೆ ಇನ್ನೊಂದು ಸುತ್ತು ಟೇಪು ಕಾಣಿಸಿತು. ಮೂವತ್ತಕ್ಕೂ ಹಾಗೇ.

“ಟೇಪು ಭಾರಿ ಗಟ್ಟಿಯಾಗಿದೆಯಲ್ಲ ಗೌಡ್ರೇ?”

“ನಾನೇ ಹಾಕಿದ್ದು ಬ್ಯಾರಿಗಳೇ. ಈಗ ಲೆಕ್ಕ ಪೂರ್ತಿ ಆಯಿತು. ಇನ್ನು ಹೋಗಲಿ.”

ಡ್ರೈವರು ಹಾರನ್ನು ಒತ್ತುತ್ತಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸದಲ್ಲಿ ನಾನು ಟೇಪಿನ ಮೇಲೆ ಟೇಪು ಕಂಡಾಗ ಪೆಟ್ಟಿಗೆ ಬಿಚ್ಚಿಸದೆ ಬಿಟ್ಟದ್ದು ಅದೊಂದೇ ಸಲ. ಎಣಿಸಿದ್ದು ಹುಕ್ರಪ್ಪ ಗೌಡರು ಎಂಬ ಧೈರ್ಯ.

ಆರು ವಾರ ಕಳೆದು ಅಂಗಡಿಯಾಕೆಯ ಮೇಲ್ ಬಂತು. ಅವಳ ಬೇರೆ ಸಾಮಾನೂ ಸೇರಿ ಬಂದ ಕಂಟೇನರನ್ನು ಅಲ್ಲಿಯ ಕಸ್ಟಮ್ಸಿನವರು ತಪಾಸಣೆಗೆ ಆರಿಸಿದ್ದರು. ಹತ್ತರಲ್ಲಿ ಒಂದನ್ನು ಹಾಗೆ ಆರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಪೆಟ್ಟಿಗೆ ಬಿಚ್ಚಿ ಎಣಿಸಿದರು. ತಿಳಿಸಿದ್ದು ಮೂರು ಸಾವಿರ, ಸಿಕ್ಕಿದ್ದು ಮೂರು ಸಾವಿರದ ಅರವತ್ತು. ತೂಕವೂ ಹೊಂದಲಿಲ್ಲ. ತಿಳಿಸದ ಅರವತ್ತು ಎಲ್ಲಿಂದ ಬಂತು, ಪೆಟ್ಟಿಗೆಯನ್ನು ನಡುವೆ ಬಿಚ್ಚಿದವರು ಯಾರು ಎಂದು ಕೇಳಿದ್ದರು. ಉತ್ತರ ಸಿಗುವವರೆಗೆ ಅವಳ ಸಾಮಾನೂ ಸೇರಿ ಎಲ್ಲವೂ ಅಲ್ಲೇ. ದಿನ ದಿನದ ಬಾಡಿಗೆ ಬೇರೆ.

ಮೇಲನ್ನು ಪ್ರಿಂಟು ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ವೇಣೂರಿಗೆ ಹೋದೆ. ನೀಲಾವತಿ ಓದಿಸಿ ಕೇಳಿದಳು. ಎದ್ದು ಹೋಗಿ ಮೂಲೆಯ ಬುಟ್ಟಿ ನೋಡಿದಳು. ಎಪ್ಪತ್ತು ಇರಬೇಕಾದಲ್ಲಿ ಹತ್ತು ಇತ್ತು. ಉಳಿದದ್ದನ್ನು ಯಾರೋ ಮೇಳದ ಮಳಿಗೆಗೆ ಒಯ್ದಿರಬೇಕು ಎಂದು ಅವಳು ಅಲ್ಲಿಯವರೆಗೆ ತಿಳಿದಿದ್ದಳು.

“ಮಾವ, ಪೆಟ್ಟಿಗೆಗೆ ನೀವು ಎಂತಾದರೂ ಹಾಕಿದ್ದೀರಾ?”

“ಹೌದು. ಕೊಸರು ಹಾಕಿದೆ. ನೂರಕ್ಕೆ ಎರಡು.” ಗೌಡರು ಅಡಗಿಸುವ ಮನುಷ್ಯರಲ್ಲ. “ನೀವೆಲ್ಲ ಮರೆತು ಮದುವೆಗೆ ಹೋದಿರಿ. ಎಂತ, ಅವರಿಗೆ ಮುಟ್ಟಲಿಲ್ವಾ?”

ನೀಲಾವತಿ ಬುಟ್ಟಿಯನ್ನು ಎತ್ತಿ ತಂದು ಅವರ ಎದುರು ಇಟ್ಟಳು.

ನಾನು ಹೇಳಿದೆ, “ಗೌಡ್ರೇ, ಮುಟ್ಟಿದೆ. ಅದಕ್ಕೇ ಮಾಲು ತಡೆದಿದ್ದಾರೆ.”

“ಕಮ್ಮಿ ಕೊಟ್ಟವನನ್ನು ಹಿಡಿಯುವುದು ಕೇಳಿದ್ದೇನೆ. ಹೆಚ್ಚು ಕೊಟ್ಟವನನ್ನೂ ಹಿಡಿಯುತ್ತಾರಾ?”

“ಹಿಡಿಯುತ್ತಾರೆ. ಬರೆಯದೆ ಕಳಿಸಿದ್ದು ಕದ್ದು ಕಳಿಸಿದ್ದು ಅಂತ ಅವರ ಲೆಕ್ಕ. ಪುಕ್ಕಟೆ ಕೊಟ್ಟರೂ ಬೆಲೆ ಹಾಕಿ ಬರೆಯಬೇಕು.”

“ಬೆಲೆ ಹಾಕಿದರೆ ಅದು ಕೊಸರು ಹೇಗಾಗುತ್ತದೆ ಬ್ಯಾರಿಗಳೇ?” ಗೌಡರು ನಿಜವಾಗಿ ತಿಳಿಯಲಿಕ್ಕೇ ಕೇಳಿದ್ದು. ಆಮೇಲೆ ಸೊಸೆಯ ಕಡೆ ತಿರುಗಿದರು. “ಸರಿಯಾಗಿ ನೂರಕ್ಕೆ ನೂರು ಕೊಟ್ಟರೆ ಲೆಕ್ಕ ತೀರಿತು ಅಂತ ಅರ್ಥ ಮಗಾ. ಅವನಿಗೂ ನಮಗೂ ಇನ್ನು ಎಂತದೂ ಇಲ್ಲ ಅಂತ. ಎರಡು ಹೆಚ್ಚು ಬಿದ್ದರೆ ಅವನು ಮತ್ತೆ ಬರುತ್ತಾನೆ. ಆ ಹೆಂಗಸು ಮತ್ತೆ ಬರಲಿ ಅಂತ ಹಾಕಿದ್ದು.”

ರುಕಿಯಾ ಬಾಗಿಲಲ್ಲಿ ನಿಂತಿದ್ದಳು. “ಬೀಡಿ ಬ್ರಾಂಚಿನವರು ಸಾವಿರದಲ್ಲಿ ಒಂದಷ್ಟು ಆರಿಸಿ ಬಿಸಾಡಿ ನಮ್ಮ ಹೊಟ್ಟೆಗೆ ಹೊಡೀತಿದ್ದರು. ಗೌಡ್ರು ನೂರಕ್ಕೆ ಎರಡು ಸೇರಿಸಿಯೇ ಹೊಡೆದರು” ಎಂದಳು. ಹೇಳಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಗೌಡರು ಅವಳ ಕಡೆ ನೋಡಲಿಲ್ಲ.

ಮರುದಿನ ನಾನು ಅಂಗಡಿಯಾಕೆಗೆ ನಡೆದದ್ದನ್ನು ನಡೆದ ಹಾಗೇ ಬರೆದೆ. ನಮ್ಮ ಕಡೆ ಎಣಿಸಿ ಕೊಟ್ಟ ಮೇಲೆ ಸ್ವಲ್ಪ ಹೆಚ್ಚು ಕೊಡುವ ಪದ್ಧತಿ ಉಂಟು, ಮನೆಯ ಹಿರಿಯರು ಪ್ರೀತಿಯಿಂದ ಸೇರಿಸಿದ್ದಾರೆ, ಇದರಲ್ಲಿ ಬೇರೆ ಉದ್ದೇಶವಿಲ್ಲ ಎಂದು. ಅವಳಿಗೆ ಅರ್ಥವಾಗಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅವಳು ಒಳ್ಳೆಯವಳು. ಓದಿ ಕಣ್ಣೀರು ಬಂತು ಎಂದು ಉತ್ತರ ಬರೆದಳು. ಅದೇ ಒಳ್ಳೆಯತನದಲ್ಲಿ ನನ್ನ ಕಾಗದವನ್ನು ಹಾಗೇ ಕಸ್ಟಮ್ಸಿಗೂ ಕಳಿಸಿಬಿಟ್ಟಿದ್ದಳು. ಅದನ್ನು ಮಾತ್ರ ನನಗೆ ಬರೆಯಲಿಲ್ಲ.

ನಾಲ್ಕು ದಿನ ಬಿಟ್ಟು, ಅದು ಗೊತ್ತಿಲ್ಲದ ಅವಳ ಕಸ್ಟಮ್ಸ್ ಏಜೆಂಟ ನನಗೆ ನೇರವಾಗಿ ಬರೆದ. ಅವನ ಮಾತು ಸರಳ. ಎಣಿಕೆಯಲ್ಲಿ ತಪ್ಪಾಗಿದೆ ಎಂದು ಎಣಿಸಿದವನೇ ಬರೆದು ಸಹಿ ಹಾಕಿದರೆ ಸಣ್ಣ ದಂಡದಲ್ಲಿ ಮುಗಿಯಬಹುದು. ಕೈತಪ್ಪಿಗೆ ಒಂದು ದಾರಿ ಉಂಟು, ಗೊತ್ತಿದ್ದೂ ಮಾಡಿದ್ದಕ್ಕೆ ಇಲ್ಲ.

ಕಾಗದವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದುಕೊಂಡು ಮತ್ತೆ ವೇಣೂರಿಗೆ ಹೋದೆ. ಜಗಲಿಯಲ್ಲಿ ಕೂತು ಗೌಡರಿಗೆ ಕನ್ನಡದ್ದನ್ನು ಓದಿದೆ. ‘ಹುಕ್ರಪ್ಪ ಗೌಡನಾದ ನಾನು ವಯಸ್ಸಿನ ಕಾರಣದಿಂದ ಎಣಿಕೆಯಲ್ಲಿ ತಪ್ಪಿ ಪ್ರತಿ ಪೆಟ್ಟಿಗೆಗೆ ಎರಡು ಬಟ್ಟಲು ಹೆಚ್ಚಾಗಿ ಹಾಕಿರುತ್ತೇನೆ.’

ಗೌಡರು ಕಾಗದವನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

“ನಾನು ತಪ್ಪಲಿಲ್ಲವಲ್ಲ.”

“ಗೊತ್ತುಂಟು ಗೌಡ್ರೇ.”

“ಮೂವತ್ತು ಪೆಟ್ಟಿಗೆಗೂ ಸಮ ಎರಡೆರಡು ತಪ್ಪುವ ಮನುಷ್ಯ ಎಲ್ಲಿದ್ದಾನೆ ಬ್ಯಾರಿಗಳೇ? ಅವರಿಗೆ ಇಷ್ಟು ಬುದ್ಧಿ ಇಲ್ವಾ?”

ಅದೇ ಮಾತು ನನಗೂ ದಾರಿಯುದ್ದಕ್ಕೂ ಚುಚ್ಚುತ್ತಿತ್ತು. ಆದರೂ ಹೇಳಿದೆ, “ಇರುವುದು ಇದೊಂದೇ ದಾರಿ.”

“ಕೊಸರು ಅಂತಲೇ ಬರೆಯಿರಿ. ಅದಕ್ಕೆ ಬೇಕಾದರೆ ಹತ್ತು ಸಹಿ ಹಾಕ್ತೇನೆ.”

“ಕೊಸರಿಗೆ ಅವರ ಫಾರ್ಮಿನಲ್ಲಿ ಜಾಗ ಇಲ್ಲ.”

ನೀಲಾವತಿ ಒಳಗಿನಿಂದ ಬಂದಳು. ನಾನು ಅವಳು ಅಳಬಹುದು ಎಂದುಕೊಂಡಿದ್ದೆ, ಅಳಲಿಲ್ಲ. “ಬೇಡ ಖಲೀಲಣ್ಣ. ಮಾವ ಒಂದು ದಿನವೂ ತಪ್ಪು ಎಣಿಸಿದವರಲ್ಲ. ಹೋದರೆ ಹೋಗಲಿ, ಬೀಡಿ ಉಂಟಲ್ಲ” ಎಂದಳು.

ಶೆಡ್ಡಿನಲ್ಲಿ ಮೆಷಿನ್ನಿನ ಸದ್ದು ನಿಂತಿತ್ತು. ಏಳು ಜನರೂ ಕೆಲಸ ಬಿಟ್ಟು ಕೇಳುತ್ತಿದ್ದರು. ಗೌಡರು ಆ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು, ಮತ್ತೆ ಕೈ ಚಾಚಿದರು.

“ಪೆನ್ನು ಕೊಡಿ.”

“ಮಾವ...”

“ನೀನು ಸುಮ್ಮನಿರು ಮಾರಾಯ್ತಿ. ನಲವತ್ತು ವರ್ಷದ ಹೆಸರು ಇಟ್ಟುಕೊಂಡು ನಾನು ಎಂತ ಅಕ್ಕಿ ಬೇಯಿಸ್ಲಿಕ್ಕುಂಟಾ?”

ಸಹಿ ಹಾಕಲು ಅವರಿಗೆ ಎರಡು ನಿಮಿಷ ಬೇಕಾಯಿತು. ಒಂದೊಂದು ಅಕ್ಷರವನ್ನೂ ತಿದ್ದಿದ ಹಾಗೆ ಬರೆದರು. ಹಾಕಿ ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟರು.

ಆ ಕಾಗದ ಕಳಿಸಿ ಒಂಬತ್ತು ದಿನಕ್ಕೆ ಉತ್ತರ ಬಂತು. ಉದ್ದವಿರಲಿಲ್ಲ. ಮೊದಲಿನ ಕಾಗದದಲ್ಲಿ ಪದ್ಧತಿಯಂತೆ ಬೇಕೆಂದೇ ಸೇರಿಸಿದ್ದು ಎಂದು ತಿಳಿಸಿದ್ದೀರಿ, ಎರಡನೆಯದರಲ್ಲಿ ಎಣಿಕೆಯ ತಪ್ಪು ಎನ್ನುತ್ತೀರಿ, ಎರಡೂ ನಿಜವಾಗಲು ಸಾಧ್ಯವಿಲ್ಲ. ಮಾಲನ್ನು ಬಿಡಲಾಗದು. ವಾಪಸು ಒಯ್ಯಿರಿ, ಇಲ್ಲವೇ ನಾಶಮಾಡಲು ಒಪ್ಪಿಗೆ ಕೊಡಿ.

ಆ ಅಧಿಕಾರಿಯನ್ನು ನಾನು ಬೈಯಲಾರೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ನಿಜ ಹೇಳಿದ ಕಾಗದ ನನ್ನದು, ಸುಳ್ಳು ಹೇಳಿದ ಕಾಗದವೂ ನನ್ನದು. ಮೊದಲನೆಯದು ಅವರ ಮೇಜಿಗೆ ಹೋಗಿದೆಯೇ ಎಂದು ಒಂದು ಮಾತು ಕೇಳದೆ ಎರಡನೆಯದಕ್ಕೆ ಸಹಿ ಹಾಕಿಸಿಕೊಂಡು ಬಂದೆ. ಬಂದರಿನಲ್ಲಿ ಇದೇ ತಪ್ಪನ್ನು ಹುಡುಗರು ಮಾಡಿದರೆ ಬೈಯುತ್ತಿದ್ದವನು ನಾನು.

ವಾಪಸು ತರಿಸುವ ಖರ್ಚಿಗೆ ಹೊಸದಾಗಿ ಎರಡು ಸಲ ಬಟ್ಟಲು ಮಾಡಬಹುದಿತ್ತು. ಅಂಗಡಿಯಾಕೆ ನಾಶಕ್ಕೆ ಒಪ್ಪಿಗೆ ಕೊಟ್ಟಳು. ಬಾಡಿಗೆಯನ್ನೂ ಸುಡುವ ಖರ್ಚನ್ನೂ ಅವಳೇ ತುಂಬಿದಳು, ನಮ್ಮಿಂದ ಕೇಳಲಿಲ್ಲ. ಅವಳ ಹೆಸರಿಗೂ ಅಲ್ಲಿ ಒಂದು ಗುರುತು ಬಿದ್ದಿತ್ತು, ಇನ್ನು ಎರಡು ವರ್ಷ ಅವಳ ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಿ ನೋಡುತ್ತಾರಂತೆ. ಇದನ್ನೆಲ್ಲ ತಿಳಿಸಿದ್ದೇ ಅವಳ ಕೊನೆಯ ಮೇಲ್. ಮತ್ತೆ ನಾನು ಬರೆದ ಎರಡಕ್ಕೆ ಉತ್ತರ ಬರಲಿಲ್ಲ.

ಶೆಡ್ಡು ಇನ್ನೂ ಎರಡು ತಿಂಗಳು ನಡೆಯಿತು. ಮೇಳಗಳಲ್ಲಿ ನಾಲ್ಕೈದು ಬಟ್ಟಲು ಹೋದರೆ ಏಳು ಜನರ ಕೂಲಿ ಹುಟ್ಟುವುದಿಲ್ಲ. ಮೆಷಿನ್ನನ್ನು ಬೆಳ್ತಂಗಡಿಯ ಒಬ್ಬ ಮರಗೆಲಸದವನು ಅರ್ಧ ಬೆಲೆಗೆ ಒಯ್ದ. ಐದು ಜನರನ್ನು ಬೀಡಿ ಬ್ರಾಂಚಿನವರು ಮತ್ತೆ ಸೇರಿಸಿಕೊಂಡರು. ರುಕಿಯಾ ಮತ್ತು ಇನ್ನೊಬ್ಬಳಿಗೆ ಜಾಗವಿಲ್ಲ ಎಂದರು. ರುಕಿಯಾ ಈಗ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಬಸ್ಸಿನಲ್ಲಿ ಸಿಕ್ಕಿದಾಗ ಮಾತಾಡುತ್ತಾಳೆ, ನಗಿಸುವುದಿಲ್ಲ.

ಕಳೆದ ಮಾರ್ಚಿನಲ್ಲಿ ಆ ದಾರಿಯಾಗಿ ಹೋದವನು ಗೌಡರನ್ನು ನೋಡಿ ಬರುವ ಎಂದು ಇಳಿದೆ. ನೀಲಾವತಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. “ಕೂತ್ಕೊಳ್ಳಿ ಖಲೀಲಣ್ಣ” ಎಂದಳು. ಕೈ ನಿಲ್ಲಿಸಲಿಲ್ಲ. ಅಂಗಳದಲ್ಲಿ ಪಕ್ಕದ ತೋಟದವರು ಬಂದು ನಿಂತಿದ್ದರು. ಕಾಯಿ ಕೊಯ್ಯಿಸಿದ್ದಾರೆ, ವ್ಯಾಪಾರಿ ಬಂದಿದ್ದಾನೆ, ಗೌಡರು ಒಮ್ಮೆ ಬಂದು ಎಣಿಸಬೇಕು ಎಂದು ಕರೆಯುತ್ತಿದ್ದರು.

“ನಾನು ಬರುವುದಿಲ್ಲ” ಎಂದರು ಗೌಡರು.

“ನೀವಲ್ಲದೆ ಮತ್ತೆ ಯಾರು ಗೌಡ್ರೇ? ಮೊಣಕಾಲು ನೋವಾದರೆ ಕುರ್ಚಿ ಹಾಕಿಸ್ತೇವೆ.”

“ಮೊಣಕಾಲಲ್ಲ. ನನಗೆ ಎಣಿಕೆ ತಪ್ಪುತ್ತದೆ. ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಬೇಕಾದರೆ ಬ್ಯಾರಿಗಳನ್ನು ಕೇಳಿ.”

ತೋಟದವರು ನನ್ನ ಮುಖ ನೋಡಿದರು. ನಾನು ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಅವರು ಹೋದರು. ಆ ವರ್ಷ ಅಲ್ಲಿ ಕಾಯಿಯನ್ನು ಎಣಿಸಲಿಲ್ಲವಂತೆ, ತೂಕ ಹಾಕಿ ಕೊಟ್ಟರಂತೆ. ತೂಕಕ್ಕೆ ಕೊಸರಿಲ್ಲ.

ಹೋದದ್ದು ಇಷ್ಟು. ಮೂರು ಸಾವಿರ ಬಟ್ಟಲು, ಅದರ ಖರ್ಚು ಒಂದು ಲಕ್ಷದ ಎಪ್ಪತ್ತೊಂದು ಸಾವಿರ. ಅರವತ್ತು ಬಟ್ಟಲು ಕೊಸರು, ಅದರ ಖರ್ಚು ಎರಡು ಸಾವಿರದ ಇನ್ನೂರ ಎಂಬತ್ತು. ನೀಲಾವತಿಯ ಶೆಡ್ಡು. ಇಬ್ಬರು ಹೆಂಗಸರ ಬೀಡಿ ಕೆಲಸ. ಹುಕ್ರಪ್ಪ ಗೌಡರ ಲೆಕ್ಕ.

ಉಳಿದದ್ದು ಬುಟ್ಟಿಯಲ್ಲಿದ್ದ ಹತ್ತು ಬಟ್ಟಲು. ಏಳು ಜನಕ್ಕೆ ಒಂದೊಂದು ಕೊಟ್ಟರು, ಮನೆಯಲ್ಲಿ ಎರಡು ಇಟ್ಟುಕೊಂಡರು, ಒಂದು ನನಗೆ ಕೊಟ್ಟರು. ಅದು ನನ್ನ ಮೇಜಿನ ಮೇಲೆ ಉಂಟು. ಅದರಲ್ಲಿ ಗುಂಡುಸೂಜಿ ಹಾಕಿಟ್ಟಿದ್ದೇನೆ.